ಫಾರ್ಮಲಿನ್, ಕ್ಸೈಲೀನ್: ಯಾವ ಕಪಾಟಿನಲ್ಲಿ ಹುಡುಕಲಿ?

ಪ್ರಶ್ನೆ: ಮಂಗಳೂರಿನ ಲ್ಯಾಬ್ ಒಂದರಲ್ಲಿ ಹಿಸ್ಟೋಪೆಥಾಲಜಿ (ಅಂಗಾಂಶ ಪರೀಕ್ಷೆ) ಟೆಕ್ನಿಷಿಯನ್ ಆಗಿದ್ದೇನೆ. ದಿನವಿಡೀ ಫಾರ್ಮಲಿನ್, ಕ್ಸೈಲೀನ್ ಜೊತೆಗೇ ಕೆಲಸ. ಮುಂದಿನ ವರ್ಷ ಮಗು ಬೇಕೆಂದಿದ್ದೇವೆ. ಇವುಗಳಿಂದ ಕ್ಯಾನ್ಸರ್, ವಂಶವಾಹಿ ಬದಲಾವಣೆ, ಹುಟ್ಟುವ ಮಗುವಿಗೆ ಊನ ಬರುತ್ತದೆಯೇ ಎಂದು ತಿಳಿಯಲು ಯಾವ ಪುಸ್ತಕ ನೋಡಲಿ? ಗೂಗಲ್ ಮಾಡಿದರೆ ಹೆದರಿಕೆಯೇ ಹೆಚ್ಚು.

ಉತ್ತರ: ಮೂರಕ್ಕೂ ಒಂದೇ ಪುಸ್ತಕ ಹುಡುಕಬೇಡಿ. ಕ್ಯಾನ್ಸರ್ ಪಟ್ಟಿ ಮಾಡುವವರು ಗರ್ಭದ ವಿಷಯ ತೀರ್ಮಾನಿಸುವುದಿಲ್ಲ.

ಮೊದಲು ಬಾಟಲಿಯ ಲೇಬಲ್ ಮೇಲಿನ ಸಿಎಎಸ್ ಸಂಖ್ಯೆ (ಪ್ರತಿ ರಾಸಾಯನಿಕಕ್ಕೂ ಇರುವ ಗುರುತಿನ ಸಂಖ್ಯೆ) ಬರೆದುಕೊಳ್ಳಿ. ಫಾರ್ಮಾಲ್ಡಿಹೈಡ್‌ಗೆ 50-00-0, ಮಿಶ್ರ ಕ್ಸೈಲೀನ್‌ಗೆ 1330-20-7. ಹೆಸರಿನಿಂದ ಹುಡುಕಿದರೆ ಎಡವುತ್ತೀರಿ: ‘ಫಾರ್ಮಲಿನ್’ ಎಂದರೆ ಫಾರ್ಮಾಲ್ಡಿಹೈಡ್ ಬೆರೆತ ನೀರು, ನಿಮ್ಮ 10% ಫಾರ್ಮಲಿನ್‌ನಲ್ಲಿ ಇರುವುದು ಸುಮಾರು 4% ಫಾರ್ಮಾಲ್ಡಿಹೈಡ್. ಸಂಖ್ಯೆ ಸರಿಯಾಗಿ ಬರೆದಿದ್ದೀರಾ ಎಂದು ನೋಡಲು ಒಂದು ಉಪಾಯವಿದೆ. ಕೊನೆಯ ಅಂಕೆ ಬಿಟ್ಟು ಉಳಿದವನ್ನು ಬಲದಿಂದ ಎಡಕ್ಕೆ 1, 2, 3 ಎಂದು ಗುಣಿಸುತ್ತಾ ಹೋಗಿ ಕೂಡಿಸಿ. ಕ್ಸೈಲೀನ್‌ಗೆ 0+4+0+12+15+6, ಅಂದರೆ 37. ಮೊತ್ತದ ಕೊನೆಯ 7 ಮತ್ತು ಸಂಖ್ಯೆಯ ಕೊನೆಯ 7 ಒಂದೇ ಆದರೆ ಸರಿ.

ಬಳಿಕ ಪೂರೈಕೆದಾರರ ಸೇಫ್ಟಿ ಡೇಟಾ ಶೀಟ್ (ಸುರಕ್ಷತಾ ಮಾಹಿತಿ ಹಾಳೆ) ಕೇಳಿ ಪಡೆಯಿರಿ. ಅದರಲ್ಲಿ 16 ವಿಭಾಗಗಳಿರುತ್ತವೆ. ನಿಮಗೆ ಬೇಕಾದದ್ದು 2 (ಅಪಾಯಗಳು) ಮತ್ತು 11 (ವಿಷ ಪರಿಣಾಮ). ಅಪಾಯ ಸೂಚಿಸುವ ಎಚ್ ಕೋಡ್‌ಗಳನ್ನು ನೋಡಿ: ಎಚ್340, 341 ವಂಶವಾಹಿಗೆ, ಎಚ್350, 351 ಕ್ಯಾನ್ಸರ್‌ಗೆ, ಎಚ್360, 361 ಸಂತಾನಶಕ್ತಿ ಮತ್ತು ಭ್ರೂಣಕ್ಕೆ. ಕೋಡ್ ಇಲ್ಲ ಎಂದರೆ ಅಪಾಯ ಇಲ್ಲ ಎಂದಲ್ಲ, ವರ್ಗೀಕರಿಸುವಷ್ಟು ಮಾಹಿತಿಯೇ ಇಲ್ಲದಿರಬಹುದು.

ಕ್ಯಾನ್ಸರ್‌ಗೆ ಫ್ರಾನ್ಸ್‌ನ ಲಿಯಾನ್‌ನಲ್ಲಿರುವ ಐಎಆರ್‌ಸಿ (ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ) ಹೊರತರುವ ಮೊನೊಗ್ರಾಫ್‌ಗಳು, ಪಿಡಿಎಫ್ ಉಚಿತ. ಫಾರ್ಮಾಲ್ಡಿಹೈಡ್ 88 ಮತ್ತು 100ಎಫ್ ಸಂಪುಟಗಳಲ್ಲಿದೆ, ಗುಂಪು 1. ಇಲ್ಲೇ ಹೆಚ್ಚಿನವರು ತಪ್ಪು ತಿಳಿಯುವುದು. ಗುಂಪು 1 ಎಂದರೆ ‘ಅತಿ ಅಪಾಯಕಾರಿ’ ಎಂದಲ್ಲ. ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂಬುದಕ್ಕೆ ಪುರಾವೆ ಸಾಕಷ್ಟಿದೆ ಎಂದಷ್ಟೇ. ನಮ್ಮೂರ ಅಡಿಕೆಯೂ ಅದೇ ಗುಂಪಿನಲ್ಲಿದೆ, 85ನೇ ಸಂಪುಟ, 2004. ಎಷ್ಟು ಪ್ರಮಾಣ, ಎಷ್ಟು ವರ್ಷ ಎಂಬುದನ್ನು ಒಳಗಿನ ಅಧ್ಯಯನಗಳಲ್ಲಿ ಓದಬೇಕು. ಕ್ಸೈಲೀನ್ ಗುಂಪು 3, ಅಂದರೆ ಪುರಾವೆ ಸಾಲದು. ‘ಸುರಕ್ಷಿತ’ ಎಂಬ ಸರ್ಟಿಫಿಕೇಟ್ ಅಲ್ಲ.

ವಂಶವಾಹಿ ವಿಷಯಕ್ಕೆ ಪಬ್‌ಕೆಮ್ ಎಂಬ ರಾಸಾಯನಿಕಗಳ ಆನ್‌ಲೈನ್ ಮಾಹಿತಿಕೋಶದಲ್ಲಿ ಸಿಎಎಸ್ ಸಂಖ್ಯೆ ಹಾಕಿ ಟಾಕ್ಸಿಸಿಟಿ ವಿಭಾಗ ತೆರೆಯಿರಿ. ಅಲ್ಲಿ ಕಾಣುವ ಏಮ್ಸ್ ಪರೀಕ್ಷೆ (ವಂಶವಾಹಿ ಬದಲಾವಣೆ ಪತ್ತೆಹಚ್ಚುವಂಥದ್ದು) ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಮೇಲೆ ನಡೆಯುವುದು. ಅದರಲ್ಲಿ ‘ಪಾಸಿಟಿವ್’ ಬಂದರೆ ಮನುಷ್ಯರಿಗೂ ಹಾಗೇ ಆಗುತ್ತದೆಂದು ಹೇಳಲಾಗದು. ಹಳೆಯ ಲೈಬ್ರರಿ ಕೈಪಿಡಿ ನಿಮ್ಮನ್ನು ಟಾಕ್ಸ್‌ನೆಟ್ ಎಂಬ ವಿಷವಿಜ್ಞಾನ ಜಾಲತಾಣಕ್ಕೆ ಕಳಿಸಿದರೆ ಹೋಗಬೇಡಿ, 2019ರ ಡಿಸೆಂಬರ್‌ನಲ್ಲೇ ಅದು ಮುಚ್ಚಿದೆ.

ಗರ್ಭದ ಪ್ರಶ್ನೆಗೆ ವೈದ್ಯಕೀಯ ಲೇಖನಗಳ ಹುಡುಕುತಾಣ ಪಬ್‌ಮೆಡ್‌ನಲ್ಲಿ ರಾಸಾಯನಿಕದ ಹೆಸರಿನ ಜೊತೆ ‘ಟೆರಾಟೋಜೆನ್ಸ್’ (ಭ್ರೂಣಕ್ಕೆ ಊನ ತರುವ ವಸ್ತುಗಳು) ಅಥವಾ ‘ಮೆಟರ್ನಲ್ ಎಕ್ಸ್‌ಪೋಷರ್’ (ತಾಯಿಗೆ ತಗಲುವುದು) ಎಂಬ ಮೆಶ್ ಪದ, ಅಂದರೆ ಅಲ್ಲಿನ ವಿಷಯಸೂಚಿ ಪದ, ಸೇರಿಸಿ (ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲೇ). ಗರ್ಭಿಣಿಯರಿಗಾಗಿ ಬರೆದ ಮದರ್‌ಟುಬೇಬಿ ಮಾಹಿತಿ ಹಾಳೆಗಳು ಎನ್‌ಸಿಬಿಐ ಬುಕ್‌ಶೆಲ್ಫ್ ಎಂಬ ಆನ್‌ಲೈನ್ ಪುಸ್ತಕ ಸಂಗ್ರಹದಲ್ಲಿ ಉಚಿತ, ಭಾಷೆಯೂ ಸರಳ. ಇಲಿಗಳ ಮೇಲಿನ ಪ್ರಯೋಗ ಸಿಕ್ಕರೆ ಡೋಸ್ ನೋಡದೆ ಗಾಬರಿಯಾಗಬೇಡಿ. ತಾಯಿ ಇಲಿಯೇ ಬಡವಾಗುವಷ್ಟು ಕೊಟ್ಟಾಗ ಮರಿ ಸೊರಗುವುದು ಬೇರೆ ಮಾತು.

ಪುಸ್ತಕವೇ ಬೇಕಾದರೆ ಮಣಿಪಾಲದ ಹೆಲ್ತ್ ಸೈನ್ಸಸ್ ಲೈಬ್ರರಿಯಂಥ ವೈದ್ಯಕೀಯ ಗ್ರಂಥಾಲಯ ಒಳ್ಳೆಯದು. ಮೊದಲೇ ಫೋನ್ ಮಾಡಿ, ನಿಮ್ಮ ಸಂಸ್ಥೆಯ ಪತ್ರ, ಗುರುತಿನ ಚೀಟಿ ಒಯ್ಯಿರಿ. ಪುಸ್ತಕಗಳನ್ನು ಸಂಖ್ಯೆಯಿಂದ ಜೋಡಿಸುವ ಡ್ಯೂಯಿ ಕ್ರಮದ ಲೈಬ್ರರಿಯಲ್ಲಿ ವಿಷವಿಜ್ಞಾನ 615.9, ಕ್ಯಾನ್ಸರ್ 616.994. ಕೆಲವು ವೈದ್ಯಕೀಯ ಲೈಬ್ರರಿಗಳು ಎನ್‌ಎಲ್‌ಎಂ (ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ) ಕ್ರಮ ಅನುಸರಿಸುತ್ತವೆ. ಅಲ್ಲಿ ವಿಷವಿಜ್ಞಾನಕ್ಕೆ ಕ್ಯೂವಿ (QV) ಸಾಲು ನೋಡಿ. ಪ್ರತಿ ಸಿಗದಿದ್ದರೆ, ನಿಮ್ಮ ಸಂಸ್ಥೆ ಡೆಲ್‌ನೆಟ್ (ಗ್ರಂಥಾಲಯಗಳ ಜಾಲ) ಸದಸ್ಯವಾಗಿದ್ದರೆ ಅದರ ಮೂಲಕ ಬೇರೆ ಊರಿಂದ ತರಿಸಬಹುದು. ಲೈಬ್ರರಿಯನ್‌ ಕೈಗೆ ಸಿಎಎಸ್ ಸಂಖ್ಯೆ ಬರೆದ ಚೀಟಿಯನ್ನೇ ಕೊಡಿ, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಓದು ಮುಗಿಯಲಿ ಎಂದು ಕಾಯಬೇಡಿ. ಭ್ರೂಣದ ಅಂಗಗಳು ಬಹುಪಾಲು ರೂಪುಗೊಳ್ಳುವುದು ಗರ್ಭ ಕಟ್ಟಿದ 3ರಿಂದ 8ನೇ ವಾರದೊಳಗೆ. ಟೆಸ್ಟ್ ಪಾಸಿಟಿವ್ ಬರುವಾಗ ಆ ಗಡಿಯಾರ ಆಗಲೇ ಓಡಲು ಶುರುವಾಗಿರುತ್ತದೆ. ಲ್ಯಾಬಿನ ಫ್ಯೂಮ್ ಹುಡ್ (ವಿಷಗಾಳಿ ಹೊರಹಾಕುವ ಗೂಡು) ಸರಿಯಾಗಿ ಗಾಳಿ ಎಳೆಯುತ್ತದೆಯೇ ಎಂದು ಈಗಲೇ ಪರೀಕ್ಷಿಸಲು ಹೇಳಿ, ಡೇಟಾ ಶೀಟ್ ಹಿಡಿದುಕೊಂಡು ನಿಮ್ಮ ಪ್ರಸೂತಿ ವೈದ್ಯರನ್ನು ನೋಡಿ.