ಮೋಬಾ (ತಂಡಗಳು ಆನ್‌ಲೈನಿನಲ್ಲಿ ಸೆಣಸುವ ವಿಡಿಯೋ ಗೇಮ್) ಆಟಗಳಿಗೆ ನಾನು ಹೊಸಬ. ಎಲ್ಲಿಂದ ಶುರು ಮಾಡಲಿ?

ಹತ್ತಾರು ಹೀರೋಗಳನ್ನು (ನೀವು ಆಡಿಸುವ ಪಾತ್ರಗಳನ್ನು) ಒಟ್ಟಿಗೆ ಕಲಿಯಲು ಹೋಗಬೇಡಿ. 2009ರಲ್ಲಿ ಬಂದ ಲೀಗ್ ಆಫ್ ಲೆಜೆಂಡ್ಸ್ ಇರಲಿ, 2013ರ ಡೋಟಾ 2 ಇರಲಿ, ಚೌಕಟ್ಟು ಒಂದೇ: ಐವರ ಎರಡು ತಂಡ, ಮೂರು ಲೇನ್ (ದಾರಿ), ಎದುರಾಳಿಯ ಮುಖ್ಯ ಕಟ್ಟಡ ಉರುಳಿಸಿದವರಿಗೆ ಗೆಲುವು. ಒಬ್ಬನೇ ಹೀರೋನನ್ನು ಹಿಡಿದು ಮೊದಲು ಬಾಟ್‌ಗಳ (ಕಂಪ್ಯೂಟರೇ ಆಡಿಸುವ ಎದುರಾಳಿಗಳ) ಎದುರು ಆಡಿ.

ಕೈಗೆ ಹತ್ತಬೇಕಾದ ಮೊದಲ ವಿದ್ಯೆ ಲಾಸ್ಟ್ ಹಿಟ್. ಲೇನಿನಲ್ಲಿ ಸಾಲಾಗಿ ಬರುವ ಎದುರಾಳಿಯ ಪುಟ್ಟ ಸೈನಿಕರಿಗೆ ಕೊನೆಯ ಏಟು ನಿಮ್ಮದಾದರೆ ಚಿನ್ನ ನಿಮಗೆ. ಹಾಗಾಗಿ ಒಂದೇ ಸಮನೆ ಹೊಡೆಯಬೇಡಿ. ತಲೆ ಮೇಲಿನ ಹೆಲ್ತ್ ಪಟ್ಟಿ ಕೂದಲೆಳೆಯಷ್ಟು ಉಳಿದಾಗ ಬಾರಿಸಿ. (ಸಪೋರ್ಟ್, ಅಂದರೆ ಜೊತೆಗಾರನಿಗೆ ನೆರವಾಗುವ ಪಾತ್ರ, ಆಡುವವರು ಇದನ್ನು ಜೊತೆಗಾರನಿಗೆ ಬಿಟ್ಟುಕೊಡಬೇಕು.)

ನಿಮ್ಮ ಸೈನಿಕರು ಮುಂದಿಲ್ಲದೆ ಎದುರಾಳಿಯ ಟವರ್ (ಹತ್ತಿರ ಬಂದವರಿಗೆ ಹೊಡೆಯುವ ಗೋಪುರ) ಹತ್ತಿರ ಸುಳಿಯಬೇಡಿ. ಮಿನಿಮ್ಯಾಪ್ (ಪರದೆಯ ಮೂಲೆಯ ಪುಟ್ಟ ನಕ್ಷೆ) ಮೇಲೆ ಆಗಾಗ ಕಣ್ಣಾಡಿಸಿ. ಎದುರಿನವನು ಕಾಣದಾದರೆ ಕೂಡಲೇ ಹಿಂದೆ ಸರಿಯಿರಿ.