"ಮನೆಯವ್ರು ಹಸ್ಕೊಂಡಿದಾರೆ, ನಾನ್ ಹೆಂಗ್ ಊಟ ಮಾಡ್ಲಿ ಮೇಡಂ"

ಹುಡುಗನ ಒಪ್ಪಿಗೆ ತಗೊಂಡೇ ಬರೀತಿದೀನಿ, ಗುರುತು ಸಿಗಬಾರ್ದು ಅಂತ ಕೆಲವು ವಿವರ ಬದಲಾಯಿಸಿದೀನಿ.

22 ವರ್ಷ, ಸುಡಾನ್‌ನವನು, ರಾಜಧಾನಿ ಖಾರ್ಟೂಮ್‌ನಿಂದ ನದಿ ಆಚೆ ಇರೋ ಬಾಹ್ರಿ ಅವನ ಊರು, ಬೆಂಗಳೂರಲ್ಲಿ ಡಿಗ್ರಿ ಓದ್ತಿದಾನೆ. 2024ರ ಜೂನ್‌ನಲ್ಲಿ ಅವನ ಲೆಕ್ಚರರ್ ಒಬ್ರು "ಅಟೆಂಡೆನ್ಸ್ ತೀರಾ ಶಾರ್ಟೇಜ್, ಸೋಮಾರಿ ಆಗ್ಬಿಟ್ಟಿದಾನೆ, ಸ್ವಲ್ಪ ಬುದ್ಧಿ ಹೇಳಿ" ಅಂತ ಕೌನ್ಸೆಲರ್ ಆಗಿರೋ ನನ್ನ ಹತ್ರ ಕಳಿಸಿದ್ರು. ಬಂದವನು ಮೊದಲು ಹೇಳಿದ್ದು ತಲೆನೋವು, ಎದೆ ಬಿಗಿತ. ತುಂಬಾ ಹೊತ್ತಾದ್ಮೇಲೆ ಒಂದೇ ಪದ, "ಝಹ್ಜಾನ್". ಅವರ ಅರಬ್ಬಿಲಿ ಬೇಜಾರಾಗಿದೆ, ಸಾಕಾಗಿದೆ ಅಂತ. ನಮ್ಮವ್ರೂ ಹಂಗೇ ಅಲ್ವಾ, ಮೈಕೈ ನೋವು ಅಂತ ಬರ್ತಾರೆ, ಡಿಪ್ರೆಶನ್ ಅಂತ ಯಾರೂ ಬರಲ್ಲ.

2023 ಏಪ್ರಿಲ್ 15ಕ್ಕೆ ಅಲ್ಲಿ ಸೈನ್ಯಕ್ಕೂ ಆರ್‌ಎಸ್‌ಎಫ್ ಅನ್ನೋ ಅರೆಸೇನಾ ಪಡೆಗೂ ಯುದ್ಧ ಶುರುವಾಯ್ತು. ನಮಗೆಲ್ಲ ನೆನಪಿರೋದು ನಮ್ಮ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಾಕೊಂಡಿದ್ದು, ಆಪರೇಷನ್ ಕಾವೇರಿಲಿ ವಾಪಸ್ ಬಂದಿದ್ದು, ಅದಾದ್ಮೇಲೆ ನಮ್ಮ ಟಿವಿಲಿ ಸುಡಾನ್ ಹೆಸರೇ ಇಲ್ಲ. ಇವನಿಗೆ ಕಷ್ಟ ಶುರುವಾಗಿದ್ದೇ ಆಮೇಲೆ. ಮನೆಯವ್ರು ವಾದ್ ಮದನಿಗೆ ಓಡಿದ್ರು, ಡಿಸೆಂಬರ್‌ನಲ್ಲಿ ಆರ್‌ಎಸ್‌ಎಫ್ ಅಲ್ಲಿಗೂ ಬಂತು, ಮತ್ತೆ ಗಂಟುಮೂಟೆ ಕಟ್ಕೊಂಡು ಗೆದಾರೆಫ್ ಕಡೆ ಹೋದ್ರು, 2024ರ ಫೆಬ್ರವರಿಲಿ ದೇಶದ ಬಹುಪಾಲು ನೆಟ್‌ವರ್ಕೇ ಹೋದಾಗ ಹನ್ನೊಂದು ದಿನ ಅಮ್ಮನ ದನಿ ಕೇಳಿಸ್ಲಿಲ್ಲ ಅವನಿಗೆ. ಅವತ್ತಿಂದ ರಾತ್ರಿಯಿಡೀ ಫೋನ್ ಹಿಡ್ಕೊಂಡು ಸುದ್ದಿ, ವಿಡಿಯೋ, ಸತ್ತವರ ಹೆಸ್ರು. ಬೆಳಕು ಹರಿದ್ಮೇಲೆ ನಿದ್ದೆ. ಓದೋಕೆ ಬಂದವನು ಕೂತಲ್ಲೇ ನಿರಾಶ್ರಿತ ಆಗ್ಬಿಟ್ಟ.

"ಮನೆಯವ್ರು ಹಸ್ಕೊಂಡಿದಾರೆ, ನಾನ್ ಹೆಂಗ್ ಊಟ ಮಾಡ್ಲಿ ಮೇಡಂ" ಅಂದ. ಎಂಟು ಕೆಜಿ ಇಳಿದಿದ್ದ.

ಸಾಯ್ಬೇಕು ಅನ್ಸುತ್ತಾ ಅಂತ ನೇರವಾಗೇ ಕೇಳ್ದೆ, ಹಂಗೆ ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಬರುತ್ತೆ ಅನ್ನೋದು ತಪ್ಪು ಕಲ್ಪನೆ. "ಪ್ಲಾನ್ ಏನಿಲ್ಲ, ಎಚ್ಚರ ಆಗ್ದೇ ಇದ್ರೆ ಸಾಕು ಅನ್ಸುತ್ತೆ" ಅಂದ. ಅದೇ ವಾರ ಸೈಕಿಯಾಟ್ರಿಸ್ಟ್ ಹತ್ರ ಕಳಿಸ್ದೆ, ಮಾತ್ರೆ ಶುರುವಾಯ್ತು, ಕೆಲಸ ಮಾಡೋಕೆ ಕೆಲವು ವಾರ ಹಿಡಿಯುತ್ತೆ, ನಾಕ್ ದಿನಕ್ಕೆ ಬಿಡ್ಬೇಡ ಅಂತ ಹೇಳ್ದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ನಂಬರ್ ಫೋನಲ್ಲಿ ಸೇವ್ ಮಾಡಿಸ್ದೆ, ರೂಮ್‌ಮೇಟ್‌ಗೂ ಅವನ ಮುಂದೇನೇ ವಿಷಯ ಹೇಳಿದ್ವಿ.

ಧೈರ್ಯವಾಗಿರು, ಪಾಸಿಟಿವ್ ಆಗಿ ಯೋಚಿಸು ಅಂತ ನಾನು ಹೇಳ್ಲಿಲ್ಲ. ಅವನ ದುಃಖ ಸುಳ್ಳಲ್ಲ, ಹಂಗಿರೋವಾಗ ಅದನ್ನ ತಪ್ಪು ಯೋಚನೆ ಅಂತ ತಿದ್ದೋಕೆ ಹೋದ್ರೆ ಅವನು ಇನ್ನೊಂದ್ಸಲ ಬರ್ತಾನೇ ಇರ್ಲಿಲ್ಲ. ಬೇರೆ ಪ್ರಶ್ನೆ ಕೇಳ್ದೆ, ಊಟ ಆಯ್ತಾ ಅಂತ ಅಮ್ಮ ಕೇಳಿದ್ರೆ ಏನ್ ಹೇಳ್ತೀಯಾ? "ಆಯ್ತು ಅಂತ ಸುಳ್ಳು ಹೇಳ್ತೀನಿ" ಅಂದು ಅತ್ತುಬಿಟ್ಟ. ಇನ್ಮೇಲೆ ಅದನ್ನ ನಿಜ ಮಾಡೋಣ, ದಿನಕ್ಕೆ ಒಂದು ಊಟ ಬೇರೆಯವ್ರ ಜೊತೆ ಕೂತು ಮಾಡು ಅಂದೆ. ಶುಕ್ರವಾರ ನಾಲ್ಕೈದು ಸುಡಾನಿ ಹುಡುಗ್ರು ಸೇರಿ ಒಂದೇ ತಟ್ಟೆಲಿ ಫೂಲ್ (ಬೇಯಿಸಿದ ಕಾಳಿನ ಅವರ ಅಡುಗೆ) ತಿಂತಾರಂತೆ, ಅಲ್ಲಿಗೆ ಹೋಗೋದು ಬಿಟ್ಟಿದ್ದ, ಅಲ್ಲಿಂದ್ಲೇ ಶುರು ಮಾಡಿದ್ವಿ.

ಫೋನ್ ಬಿಡು ಅಂದ್ರೆ ಆಗಲ್ಲ, ಅದು ಅವನ ಮನೆ. ಸುದ್ದಿಗೆ ಸಂಜೆ ಏಳರಿಂದ ಏಳೂವರೆ, ಯಾರಾದ್ರೂ ಪಕ್ಕದಲ್ಲಿ ಇರ್ಬೇಕು, ರಾತ್ರಿ ಹತ್ತಾದ್ಮೇಲೆ ಅಮ್ಮನ ಕಾಲ್ ಮಾತ್ರ ರಿಂಗ್ ಆಗೋ ಥರ ಸೆಟ್ಟಿಂಗ್.

ಕೌನ್ಸೆಲಿಂಗ್‌ನಲ್ಲೇ ಎಲ್ಲ ಸರಿಹೋಗಲ್ಲ. ಸ್ಟೂಡೆಂಟ್ ವೀಸಾದಲ್ಲಿ ದುಡಿಯೋಕೆ ಬಿಡಲ್ಲ, ಅಟೆಂಡೆನ್ಸ್ ಇಲ್ಲ ಅಂದ್ರೆ ವೀಸಾ ಎಕ್ಸ್‌ಟೆನ್ಶನ್‌ಗೂ ಕುತ್ತು, 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಅದಕ್ಕೇ ಡಾಕ್ಟರ್ ಲೆಟರ್ ಹಿಡ್ಕೊಂಡು ಪ್ರಿನ್ಸಿಪಾಲ್ ಹತ್ರ ಹೋಗು, ಫೀಸ್ ಕಂತಲ್ಲಿ ಕಟ್ಟೋಕೆ ಕೇಳು, ದೆಹಲಿಲಿರೋ ಯುಎನ್‌ಎಚ್‌ಸಿಆರ್ (ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ) ಆಫೀಸಲ್ಲಿ ರಿಜಿಸ್ಟ್ರೇಶನ್ ವಿಚಾರಿಸು ಅಂತ ಹೇಳ್ದೆ. ಕಂತಿನ ಅರ್ಜಿ ನಾವಿಬ್ರೂ ಕೂತೇ ಬರೆದ್ವಿ.

2025ರ ಮಾರ್ಚ್‌ನಲ್ಲಿ ಸೈನ್ಯ ಖಾರ್ಟೂಮ್ ವಾಪಸ್ ತಗೊಂಡ್ಮೇಲೆ ಪಕ್ಕದ ಮನೆಯವ್ರು ಬಾಹ್ರಿ ಮನೆ ವಿಡಿಯೋ ಕಳಿಸಿದ್ರು, ಲೂಟಿ ಮಾಡಿದವ್ರು ಗೋಡೆ ಒಳಗಿನ ವೈರ್ ಕೂಡ ಕಿತ್ಕೊಂಡು ಹೋಗಿದ್ರು. ಮಧ್ಯಾಹ್ನ ಬಂದಿದ್ದ ವಿಡಿಯೋನ ಅವನು ಏಳು ಗಂಟೆ ತನಕ ತೆಗೀಲಿಲ್ಲ, ರೂಮ್‌ಮೇಟ್ ಬಂದ್ಮೇಲೆ ಇಬ್ರೂ ಸೇರಿ ನೋಡಿದ್ರಂತೆ, ಅತ್ತು, ಅನ್ನ ಮಾಡ್ಕೊಂಡು ತಿಂದ್ರಂತೆ. ಮಾತ್ರೆ ಇನ್ನೂ ನಡೀತಿದೆ, ಹದಿನೈದು ದಿನಕ್ಕೊಮ್ಮೆ ಬರ್ತಾನೆ.