ಮೊದಲ ಪಿಕ್: ವೈಡ್ ರಿಸೀವರ್ರೋ, ರನ್ನಿಂಗ್ ಬ್ಯಾಕೋ?

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಆಫೀಸಿನವರೆಲ್ಲ ಸೇರಿ ಆಡುವ ಫ್ಯಾಂಟಸಿ ಫುಟ್‌ಬಾಲ್ ಲೀಗ್‌ಗೆ ಎರಡನೇ ವರ್ಷ ಸೇರಿದ್ದೇನೆ. ಒಟ್ಟು 12 ಟೀಮು, ನನ್ನದು 9ನೇ ಪಿಕ್. ಹೋದ ವರ್ಷ ಮೊದಲ ಎರಡು ಸುತ್ತಿನಲ್ಲೂ ರನ್ನಿಂಗ್ ಬ್ಯಾಕ್‌ಗಳನ್ನೇ ತಗೊಂಡೆ. ಒಬ್ಬ ಅಕ್ಟೋಬರ್‌ನಲ್ಲೇ ಗಾಯವಾಗಿ ಹೊರಗೆ ಕೂತ, ಆಮೇಲೆ ನನ್ನ ಟೀಮು ಏಳಲೇ ಇಲ್ಲ. ಈ ಸಲ ವೈಡ್ ರಿಸೀವರ್ ತಗೊಳ್ಳೋಣ ಅನ್ನಿಸಿದೆ. ಆದರೆ ಹಳಬರು "ರನ್ನಿಂಗ್ ಬ್ಯಾಕ್ ಇಲ್ಲದೆ ಗೆಲ್ಲೋಕಾಗಲ್ಲ" ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಆಟ ಗೊತ್ತಿಲ್ಲದವರಿಗೆ ಮೊದಲು ಒಂದು ಮಾತು. ಫ್ಯಾಂಟಸಿ ಫುಟ್‌ಬಾಲ್‌ನಲ್ಲಿ ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ನಿಜ ಆಟಗಾರರನ್ನು ಸರದಿ ಪ್ರಕಾರ ಆರಿಸಿ ನಮ್ಮದೇ ಟೀಮು ಕಟ್ಟುತ್ತೇವೆ. ಆ ಆಯ್ಕೆಗೆ ಡ್ರಾಫ್ಟ್, ಒಂದೊಂದು ಸರದಿಗೆ ಪಿಕ್ ಅಂತಾರೆ. ಅವರು ಪಂದ್ಯದಲ್ಲಿ ಆಡಿದ್ದಕ್ಕೆ ನಮಗೆ ಪಾಯಿಂಟ್. ರನ್ನಿಂಗ್ ಬ್ಯಾಕ್ ಚೆಂಡು ಹಿಡಿದು ಓಡುವವನು, ವೈಡ್ ರಿಸೀವರ್ ಎಸೆದ ಚೆಂಡನ್ನು ಕ್ಯಾಚ್ ಹಿಡಿಯುವವನು. 9ನೇ ಪಿಕ್‌ನಲ್ಲಿ ನಾನಾಗಿದ್ದರೆ ರಿಸೀವರ್ ಕಡೆಗೇ ವಾಲುತ್ತಿದ್ದೆ. ಆದರೆ ನಿಮ್ಮ ಪತ್ರದಲ್ಲಿ ಎರಡು ವಿಷಯ ಬಿಟ್ಟುಹೋಗಿದೆ. ಒಂದು ಕ್ಯಾಚ್‌ಗೆ ನಿಮ್ಮ ಲೀಗ್ ಎಷ್ಟು ಪಾಯಿಂಟ್ ಕೊಡುತ್ತದೆ? ವಾರಕ್ಕೆ ಎಷ್ಟು ರಿಸೀವರ್‌ಗಳನ್ನು ಆಡಿಸಬೇಕು? ಲೀಗ್‌ನ ಸೆಟ್ಟಿಂಗ್ಸ್ ಪುಟದಲ್ಲಿ ಎರಡೂ ಇರುತ್ತವೆ. ಡ್ರಾಫ್ಟ್‌ಗೆ ಕೂರುವ ಮುಂಚೆ ಅದನ್ನು ನೋಡಿಬಿಡಿ. ನಿಮ್ಮ ಹಳಬರು ಹೇಳಿದ್ದು ಅವರು ಆಡಿ ಬೆಳೆದ ಲೀಗ್‌ಗೆ ಸರಿಯಾಗಿಯೇ ಇತ್ತು. ನಿಯಮ ಬದಲಾದಾಗ ಆಟಗಾರರ ಬೆಲೆಯೂ ಬದಲಾಗಿಬಿಡುತ್ತದೆ.

ಲೆಕ್ಕ ಹಾಕಿಯೇ ತೋರಿಸುತ್ತೇನೆ. 2024ರ ಸೀಸನ್ ತಗೊಳ್ಳಿ. ಬಾಲ್ಟಿಮೋರ್ ರೇವನ್ಸ್‌ನ ರನ್ನಿಂಗ್ ಬ್ಯಾಕ್ ಡೆರಿಕ್ ಹೆನ್ರಿ ಚೆಂಡು ಹಿಡಿದು ಓಡಿ ಗಳಿಸಿದ್ದು 1,921 ಗಜ, 16 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು). ಅವರು ಹಿಡಿದ ಕ್ಯಾಚ್ ಬರೀ 19. ಅದರಿಂದ 193 ಗಜ, ಇನ್ನೆರಡು ಟಚ್‌ಡೌನ್. ಸಿನ್ಸಿನಾಟಿ ಬೆಂಗಾಲ್ಸ್‌ನ ವೈಡ್ ರಿಸೀವರ್ ಜಮಾರ್ ಚೇಸ್ ಅದೇ ವರ್ಷ 127 ಕ್ಯಾಚ್ ಹಿಡಿದರು. 1,708 ಗಜ, 17 ಟಚ್‌ಡೌನ್. ಕ್ಯಾಚ್, ಗಜ, ಟಚ್‌ಡೌನ್ ಮೂರರಲ್ಲೂ ಇಡೀ ಎನ್‌ಎಫ್‌ಎಲ್‌ಗೇ ಮೊದಲಿಗರು.

ಈಗ ಸಾಮಾನ್ಯ ದರ ಹಾಕೋಣ. 10 ಗಜಕ್ಕೆ 1 ಪಾಯಿಂಟ್, ಟಚ್‌ಡೌನ್‌ಗೆ 6. ಕ್ಯಾಚ್‌ಗೆ ಏನೂ ಕೊಡದ ಲೀಗ್‌ನಲ್ಲಿ ಹೆನ್ರಿಗೆ 319.4, ಚೇಸ್‌ಗೆ 272.8. ಹೆನ್ರಿ ಸುಮಾರು 47 ಪಾಯಿಂಟ್ ಮುಂದೆ. ಕ್ಯಾಚ್‌ಗೆ 1 ಪಾಯಿಂಟ್ ಕೊಡುವ ಲೀಗ್, ಅಂದರೆ ಪಿಪಿಆರ್‌ನಲ್ಲಿ, ಹೆನ್ರಿಗೆ 338.4, ಚೇಸ್‌ಗೆ 399.8. ಈಗ ಚೇಸ್ 61 ಪಾಯಿಂಟ್ ಮುಂದೆ! ಅರ್ಧ ಪಾಯಿಂಟ್ ಕೊಡುವ ಹಾಫ್ ಪಿಪಿಆರ್‌ನಲ್ಲಿ 328.9ಕ್ಕೆ 336.3, ಹೆಚ್ಚುಕಡಿಮೆ ಸಮ. (ಚೇಸ್‌ಗೆ ಕ್ಯಾಚ್‌ನಿಂದ ಬಂದ ಗಜವನ್ನಷ್ಟೇ ಹಿಡಿದಿದ್ದೇನೆ. ಚೆಂಡು ಕೈಬಿಟ್ಟದ್ದಕ್ಕೆ ಕಳೆಯುವ ಪಾಯಿಂಟ್ ಇಲ್ಲಿ ಹಿಡಿದಿಲ್ಲ.) ಅದೇ ಇಬ್ಬರು ಆಟಗಾರರು, ಅದೇ ಸೀಸನ್. ಬದಲಾಗಿದ್ದು ಸೆಟ್ಟಿಂಗ್ಸ್ ಪುಟದ ಒಂದು ಸಾಲು ಅಷ್ಟೇ.

ಎರಡನೆಯದು ಜಾಗದ ಲೆಕ್ಕ. ವಾರಕ್ಕೆ 2 ರನ್ನಿಂಗ್ ಬ್ಯಾಕ್, 2 ರಿಸೀವರ್ ಆಡಿಸುವ 12 ಟೀಮಿನ ಲೀಗ್‌ನಲ್ಲಿ ಇಬ್ಬರೂ 24, 24 ಬೇಕು. ಎನ್‌ಎಫ್‌ಎಲ್‌ನಲ್ಲಿ ಇರುವುದು 32 ತಂಡ. ಒಂದು ತಂಡದಲ್ಲಿ ನಿಜವಾಗಿ ಕೆಲಸ ಹೊರುವ ರನ್ನಿಂಗ್ ಬ್ಯಾಕ್ ಒಬ್ಬರೇ, ಎಷ್ಟೋ ಕಡೆ ಆ ಕೆಲಸವನ್ನೂ ಇಬ್ಬರು ಹಂಚಿಕೊಳ್ಳುತ್ತಾರೆ. ರಿಸೀವರ್‌ಗಳಾದರೆ ಒಂದೊಂದು ತಂಡದಲ್ಲೂ ಇಬ್ಬರು, ಮೂವರು ಮೈದಾನದಲ್ಲಿರುತ್ತಾರೆ. ಹಾಗಾಗಿ ಇಂಥ ಲೀಗ್‌ನಲ್ಲಿ ರನ್ನಿಂಗ್ ಬ್ಯಾಕ್ ಬೇಗ ಖಾಲಿ. ಅದೇ 3 ರಿಸೀವರ್ ಆಡಿಸುವ ಲೀಗ್ ಆದರೆ ವಾರಕ್ಕೆ 36 ರಿಸೀವರ್ ಬೇಕು. ಅದರ ಮೇಲೆ ಫ್ಲೆಕ್ಸ್, ಅಂದರೆ ರನ್ನಿಂಗ್ ಬ್ಯಾಕ್, ರಿಸೀವರ್ ಯಾರನ್ನಾದರೂ ಹಾಕಬಹುದಾದ ಜಾಗ ಬೇರೆ. ಆಗ ಒಳ್ಳೆಯ ರಿಸೀವರ್‌ಗೂ ಬರ ಬರುತ್ತದೆ.

ಇಲ್ಲಿವರೆಗೆ ಬರೀ ಲೆಕ್ಕ. ನಾನು ರಿಸೀವರ್ ಕಡೆ ವಾಲುವುದಕ್ಕೆ ಇನ್ನೊಂದು ಕಾರಣ ಇದೆ, ನನಗೆ ಅದೇ ದೊಡ್ಡದು. ರನ್ನಿಂಗ್ ಬ್ಯಾಕ್ ಅಂದರೆ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಕೈಯಿಂದ ಚೆಂಡು ತಗೊಂಡು ನೇರವಾಗಿ ದೊಡ್ಡ ದೊಡ್ಡ ಆಳುಗಳ ನಡುವೆ ನುಗ್ಗುವವನು. ಒಂದು ಪಂದ್ಯದಲ್ಲಿ 20 ಸಲ ಓಡಿದರೆ ಹತ್ತಿರ ಹತ್ತಿರ 20 ಸಲ ಹೊಡೆತ ತಿನ್ನುತ್ತಾನೆ. ಮೊಣಕಾಲು, ಹಿಮ್ಮಡಿ, ತೊಡೆಯ ಸ್ನಾಯು, ಏನಾದರೊಂದು ಕೈಕೊಡುತ್ತದೆ. ಅವನು ಕೂತಾಗ ಏನಾಗುತ್ತದೆ ನೋಡಿ. ಆ 20 ಓಟದಲ್ಲಿ ಬಹುಪಾಲು ಬೆಂಚಿನಲ್ಲಿದ್ದ ಇನ್ನೊಬ್ಬನಿಗೆ ಹೋಗುತ್ತದೆ. ನಿನ್ನೆಯವರೆಗೆ ಯಾರೂ ಕೇಳದವನು ಇವತ್ತು ನಿಮ್ಮ ಟೀಮಿಗೆ ಬೇಕಾದವನು.

ರಿಸೀವರ್ ಗಾಯವಾದರೆ ಹಾಗಾಗಲ್ಲ. ಅವನ ಕಡೆ ಬರುತ್ತಿದ್ದ 10 ಎಸೆತ ಅವನ ಬದಲಿಗೆ ಬಂದವನಿಗೆ ಹೋಗುವುದಿಲ್ಲ. ಎರಡು ಇನ್ನೊಬ್ಬ ರಿಸೀವರ್‌ಗೆ, ಎರಡು ಟೈಟ್ ಎಂಡ್‌ಗೆ (ಎದುರಾಳಿಯನ್ನು ತಡೆಯುವ, ಕ್ಯಾಚನ್ನೂ ಹಿಡಿಯುವ ಆಟಗಾರ), ಒಂದೆರಡು ರನ್ನಿಂಗ್ ಬ್ಯಾಕ್‌ಗೆ ಅಂತ ಹಂಚಿಹೋಗುತ್ತದೆ. ವೇವರ್‌ನಲ್ಲಿ, ಅಂದರೆ ಯಾರೂ ತಗೊಳ್ಳದೆ ಉಳಿದವರ ಪಟ್ಟಿಯಲ್ಲಿ, ನಿಮಗೆ ಸಿಗುವುದು ಚೂರುಪಾರು. ಸೀಸನ್ ಮಧ್ಯದಲ್ಲಿ ರನ್ನಿಂಗ್ ಬ್ಯಾಕ್ ಬಿಟ್ಟಿ ಸಿಗುತ್ತಾನೆ, ದೊಡ್ಡ ರಿಸೀವರ್ ಅಷ್ಟು ಸುಲಭಕ್ಕೆ ಸಿಗಲ್ಲ. ಆಮೇಲೆ ಸಿಗದೇ ಇರುವುದಕ್ಕೇ ಡ್ರಾಫ್ಟ್‌ನ ಮೊದಲ ಪಿಕ್‌ಗಳನ್ನು ಖರ್ಚು ಮಾಡಬೇಕು ಅನ್ನೋದು ನನ್ನ ನಂಬಿಕೆ.

2018ರಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್‌ನ ಲೆವಿಯಾನ್ ಬೆಲ್ ಗುತ್ತಿಗೆ ಒಪ್ಪಲಾಗದೆ ಇಡೀ ವರ್ಷ ಆಡಲಿಲ್ಲ. ಅವರ ಜಾಗಕ್ಕೆ ಬಂದ ಜೇಮ್ಸ್ ಕಾನರ್ 973 ಗಜ ಓಡಿ 12 ಟಚ್‌ಡೌನ್ ಹೊಡೆದರು. 2023ರಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್‌ನ ಕೈರನ್ ವಿಲಿಯಮ್ಸ್ ಎಷ್ಟೋ ಲೀಗ್‌ಗಳಲ್ಲಿ ಡ್ರಾಫ್ಟೇ ಆಗಿರಲಿಲ್ಲ. ಬರೀ 12 ಪಂದ್ಯದಲ್ಲಿ 1,144 ಗಜ ಓಡಿದರು.

ಅದೇ ತಂಡದಲ್ಲಿ, ಅದೇ ವರ್ಷ, ಹೊಸ ಹುಡುಗ ಪುಕಾ ನಕುವಾ ಕೂಡ ವೇವರ್‌ನಿಂದ ಎದ್ದು ಬಂದವರೇ, ಅವರು ರಿಸೀವರ್ ಅಲ್ವಾ ಅಂತ ನೀವು ಕೇಳಬಹುದು. ಹೌದು. ನಿಜ ತಂಡಗಳು ಹೊಸಬರನ್ನು ಆರಿಸುವ ಎನ್‌ಎಫ್‌ಎಲ್ ಡ್ರಾಫ್ಟ್‌ನ ಐದನೇ ಸುತ್ತಿನಲ್ಲಿ ಬಂದ ಅವರು 105 ಕ್ಯಾಚ್, 1,486 ಗಜ ಗಳಿಸಿ ಹೊಸಬರ ದಾಖಲೆಯನ್ನೇ ಮುರಿದರು. ಇಂಥದ್ದು ಆಗಲ್ಲ ಅಂತ ನಾನು ಹೇಳುತ್ತಿಲ್ಲ. ಅಪರೂಪಕ್ಕೆ ಆಗುತ್ತದೆ. ರನ್ನಿಂಗ್ ಬ್ಯಾಕ್ ವಿಷಯದಲ್ಲಿ ಹೆಚ್ಚುಕಡಿಮೆ ಪ್ರತಿ ವರ್ಷ ಆಗುತ್ತದೆ.

ಒಂದು ಬೆಳಗಿನ ಜಾವ ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. 2024ರ ಮೊದಲ ವಾರ. ಆ ವರ್ಷ ಬಹಳಷ್ಟು ಲೀಗ್‌ಗಳಲ್ಲಿ ಮೊದಲ ಪಿಕ್ ಆಗಿದ್ದು ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್‌ನ ಕ್ರಿಶ್ಚಿಯನ್ ಮೆಕ್ಯಾಫ್ರಿ. ಅವರ ಪಂದ್ಯ ಅಮೆರಿಕದ ಸೋಮವಾರ ರಾತ್ರಿ, ನ್ಯೂಯಾರ್ಕ್ ಜೆಟ್ಸ್ ಮೇಲೆ. ನಮಗೆ ಬೆಂಗಳೂರಿನಲ್ಲಿ ಮಂಗಳವಾರ ಬೆಳಗ್ಗೆ ಆರರ ಹತ್ತಿರ. ನಾನು ನಾಲ್ಕಕ್ಕೇ ಎದ್ದು ಕೂತಿದ್ದೆ. ಹಾಲಿನವನೂ ಬಂದಿರಲಿಲ್ಲ. ಪಂದ್ಯಕ್ಕೆ ಒಂದೂವರೆ ಗಂಟೆ ಮುಂಚೆ ಆಡದವರ ಪಟ್ಟಿ ಬಂತು, ಅದರಲ್ಲಿ ಮೆಕ್ಯಾಫ್ರಿ ಹೆಸರು. ನಮ್ಮ ಲೀಗ್‌ನಲ್ಲಿ ಅವರನ್ನು ತಗೊಂಡಿದ್ದ ಗೆಳೆಯ ಫೋನ್ ಮಾಡಿದ. "ಯಾರನ್ನ ಹಾಕ್ಲಿ?" ಅಂದ. ಹಾಕೋಕೆ ಯಾರೂ ಇರಲಿಲ್ಲ. ಅವನ ಬೆಂಚಿನಲ್ಲಿದ್ದವರೆಲ್ಲ ಭಾನುವಾರವೇ ಆಡಿ ಮುಗಿಸಿದ್ದರು, ಎಲ್ಲ ಲಾಕ್. ಆ ಜಾಗಕ್ಕೆ ಸೊನ್ನೆಯೇ ಗತಿ. ಮೆಕ್ಯಾಫ್ರಿ ಬದಲು ಬಂದ ಜೋರ್ಡನ್ ಮೇಸನ್ 28 ಸಲ ಓಡಿ 147 ಗಜ, ಒಂದು ಟಚ್‌ಡೌನ್ ಹೊಡೆದರು. ಬರೀ ಓಟದಿಂದಲೇ 20.7 ಪಾಯಿಂಟ್. ನಮ್ಮಲ್ಲಿ ಮೇಸನ್‌ರನ್ನು ಕೊನೆಯ ಸುತ್ತಿನಲ್ಲಿ ಬೇರೆಯವರು ತಗೊಂಡಿದ್ದರು. ಮೊದಲ ಪಿಕ್ ಕೊಟ್ಟವನಿಗೆ ಸೊನ್ನೆ, ಕೊನೆಯ ಪಿಕ್ ಕೊಟ್ಟವನಿಗೆ 20. ಮೆಕ್ಯಾಫ್ರಿ ಆ ವರ್ಷ ಆಡಿದ್ದು ನಾಲ್ಕೇ ಪಂದ್ಯ.

ಹಾಗಂತ ಮೆಕ್ಯಾಫ್ರಿಯಂಥವರನ್ನು ಮುಟ್ಟಲೇಬೇಡಿ ಅಂತ ಅಲ್ಲ. 2019ರಲ್ಲಿ ಅವರು 1,387 ಗಜ ಓಡಿದ್ದಲ್ಲದೆ 116 ಕ್ಯಾಚ್ ಹಿಡಿದು ಇನ್ನೂ 1,005 ಗಜ ಗಳಿಸಿದರು. ಒಂದೇ ಜಾಗದಲ್ಲಿ ರನ್ನಿಂಗ್ ಬ್ಯಾಕೂ ರಿಸೀವರೂ ಇದ್ದ ಹಾಗೆ. ಅಂಥ ಸೀಸನ್ ಸಿಕ್ಕರೆ ಲೀಗ್ ಅಲ್ಲಿಗೇ ಅರ್ಧ ಗೆದ್ದಂತೆ. ಮರುವರ್ಷ ಆಡಿದ್ದು ಮೂರು ಪಂದ್ಯ ಅನ್ನೋದೂ ನಿಜ. ಓಟದ ಜೊತೆ ಕ್ಯಾಚನ್ನೂ ಚೆನ್ನಾಗಿ ಹಿಡಿಯುವ, ಕೆಲಸ ಯಾರ ಜೊತೆಗೂ ಹಂಚಿಕೊಳ್ಳದ ರನ್ನಿಂಗ್ ಬ್ಯಾಕ್ ನಿಮ್ಮ 9ನೇ ಪಿಕ್‌ವರೆಗೆ ಉಳಿದಿದ್ದರೆ ಹಿಂದೆಮುಂದೆ ನೋಡದೆ ತಗೊಳ್ಳಿ. ಸಾಮಾನ್ಯವಾಗಿ ಉಳಿದಿರಲ್ಲ.

ಈಗ ನಿಮ್ಮ 9ನೇ ಪಿಕ್‌ಗೆ ಬರೋಣ. ಸ್ನೇಕ್ ಡ್ರಾಫ್ಟ್ ಅಂದರೆ ಪಂಕ್ತಿಯಲ್ಲಿ ಬಡಿಸುವವರು ಆ ತುದಿ ಮುಟ್ಟಿ, ಅಲ್ಲಿಂದಲೇ ವಾಪಸ್ ಬಡಿಸಿಕೊಂಡು ಬಂದ ಹಾಗೆ. ನಿಮಗೆ ಬರುವುದು 9, 16, 33, 40. 9ಕ್ಕೂ 16ಕ್ಕೂ ನಡುವೆ ಬೇರೆಯವರು ತಗೊಳ್ಳುವುದು ಆರೇ ಜನರನ್ನು. ಆದರೆ 16ರಿಂದ 33ರ ನಡುವೆ 16 ಜನ ಹೋಗಿಬಿಡುತ್ತಾರೆ. ಅದಕ್ಕೇ ಮೊದಲ ಎರಡು ಪಿಕ್‌ಗಳನ್ನು ಜೋಡಿಯಾಗಿ ಯೋಚಿಸಿ. 16ಕ್ಕೆ ಬಂದಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಈಗ ಕೈಲಿರುವ ರಿಸೀವರ್‌ಗೂ 33ರಲ್ಲಿ ಉಳಿಯಬಹುದಾದ ರಿಸೀವರ್‌ಗೂ ಎಷ್ಟು ಅಂತರ? ರನ್ನಿಂಗ್ ಬ್ಯಾಕ್‌ಗಳಲ್ಲಿ ಎಷ್ಟು? ಯಾವ ಕಡೆ ಇಳಿಜಾರು ಜಾಸ್ತಿಯೋ ಆ ಕಡೆಯವನನ್ನು ಈಗಲೇ ತಗೊಳ್ಳಿ. ಗಡಿಯಾರ ಓಡುತ್ತಿರುವಾಗ ಇದು ಹೊಳೆಯುವುದಿಲ್ಲ. ಹಿಂದಿನ ರಾತ್ರಿಯೇ ಒಂದು ಹಾಳೆಯಲ್ಲಿ ಎರಡು ಕಾಲಂ ಮಾಡಿ, ಹೆಸರು ಬರೆದು, ಎಲ್ಲಿ ಗುಣಮಟ್ಟ ದಿಢೀರ್ ಅಂತ ಇಳಿಯುತ್ತದೋ ಅಲ್ಲಿ ಗೆರೆ ಎಳೆಯಿರಿ. ನಾನು ಈಗಲೂ ಪೆನ್ನಲ್ಲೇ ಮಾಡುತ್ತೇನೆ.

ನಿಮ್ಮದು ಪಿಪಿಆರ್, ಮೂರು ರಿಸೀವರ್ ಲೀಗ್ ಆದರೆ: 9ಕ್ಕೆ ರಿಸೀವರ್, 16ಕ್ಕೆ ಕ್ಯಾಚ್ ಹಿಡಿಯುವ ಒಬ್ಬ ಗಟ್ಟಿ ರನ್ನಿಂಗ್ ಬ್ಯಾಕ್, 33 ಮತ್ತು 40ಕ್ಕೆ ಮತ್ತೆ ರಿಸೀವರ್. ಒಬ್ಬನೇ ಒಬ್ಬ ಒಳ್ಳೆಯ ರನ್ನಿಂಗ್ ಬ್ಯಾಕ್ ಇಟ್ಟುಕೊಂಡು ಆಡುವ ಈ ದಾರಿಗೆ ಹೀರೋ ಆರ್‌ಬಿ ಅಂತಾರೆ (ಆರ್‌ಬಿ ಅಂದರೆ ರನ್ನಿಂಗ್ ಬ್ಯಾಕ್). ಆರಂಭದ ಸುತ್ತುಗಳಲ್ಲಿ ಒಬ್ಬನನ್ನೂ ತಗೊಳ್ಳದ ಝೀರೋ ಆರ್‌ಬಿ ಅನ್ನೋದೂ ಇದೆ. ಅದಕ್ಕೆ ಪ್ರತಿ ವಾರ ವೇವರ್ ಮೇಲೆ ಕಣ್ಣಿಟ್ಟು ಕೂರುವ ಪುರುಸೊತ್ತು ಬೇಕು. ಎರಡನೇ ವರ್ಷಕ್ಕೆ ಅದು ಬೇಡ. ಕ್ಯಾಚ್‌ಗೆ ಪಾಯಿಂಟ್ ಇಲ್ಲದ, ಎರಡೇ ರಿಸೀವರ್ ಆಡಿಸುವ ಲೀಗ್ ಆದರೆ ನಿಮ್ಮ ಹಳಬರ ಮಾತೇ ಸರಿ, ರನ್ನಿಂಗ್ ಬ್ಯಾಕ್‌ನಿಂದಲೇ ಶುರು ಮಾಡಿ.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಐಪಿಎಲ್ ಫ್ಯಾಂಟಸಿ ಆಡಿಕೊಂಡು ಬಂದವನು. ಅಮೆರಿಕದಲ್ಲಿರುವ ತಮ್ಮ ಅವನ ಲೀಗ್‌ಗೆ ಸೇರಿಸಿದ್ದಾನೆ. ಐಪಿಎಲ್‌ನಲ್ಲಿ ಮಾಡಿದ ಹಾಗೆ ಜಾಸ್ತಿ ಪಾಯಿಂಟ್ ತರುವವರನ್ನೇ ಆರಿಸುತ್ತಾ ಹೋದರೆ ಸಾಲದಾ?

ಉತ್ತರ: ಸಾಲದು. ಆ ಆಪ್‌ಗಳಲ್ಲಿ ಕೊಹ್ಲಿಯನ್ನು ನೀವೂ ತಗೊಳ್ಳಬಹುದು, ಪಕ್ಕದ ಮನೆಯವರೂ ತಗೊಳ್ಳಬಹುದು. ಪಂದ್ಯ ಮುಗಿದರೆ ಟೀಮೂ ಮುಗಿಯಿತು. ಡ್ರಾಫ್ಟ್ ಲೀಗ್‌ನಲ್ಲಿ ಒಬ್ಬ ಆಟಗಾರ ಒಬ್ಬರಿಗೇ. ನೀವು ತಗೊಂಡರೆ ಉಳಿದ 11 ಜನರಿಗೆ ಅವನು ಇಲ್ಲ, ಅದೂ ಇಡೀ ಸೀಸನ್‌ಗೆ. ಹಾಗಾಗಿ "ಇವನು ಎಷ್ಟು ಪಾಯಿಂಟ್ ತರ್ತಾನೆ" ಅನ್ನೋದು ಅರ್ಧ ಪ್ರಶ್ನೆ. ಇವನನ್ನು ಬಿಟ್ಟರೆ ಆ ಜಾಗಕ್ಕೆ ನನಗೆ ಸಿಗುವವನು ಎಷ್ಟು ತರುತ್ತಾನೆ ಅನ್ನೋದು ಇನ್ನರ್ಧ. ಎಲ್ಲರಿಗಿಂತ ಜಾಸ್ತಿ ಪಾಯಿಂಟ್ ತರುವವರು ಸಾಮಾನ್ಯವಾಗಿ ಕ್ವಾರ್ಟರ್‌ಬ್ಯಾಕ್‌ಗಳು. ಆದರೂ ಒಬ್ಬನೇ ಕ್ವಾರ್ಟರ್‌ಬ್ಯಾಕ್ ಆಡಿಸುವ ಲೀಗ್‌ನಲ್ಲಿ ಅನುಭವಿಗಳು ಮೊದಲ ಸುತ್ತಿನಲ್ಲಿ ಅವರನ್ನು ಮುಟ್ಟುವುದಿಲ್ಲ. 12 ಜನರಿಗೆ 12 ಸಾಕು, ಒಳ್ಳೆಯವರು ತಡವಾಗಿಯೂ ಸಿಗುತ್ತಾರೆ. ಐಪಿಎಲ್ ಆಪ್‌ನಿಂದ ಬಂದ ಹೊಸಬರು ಮೊದಲು ಎಡವುವುದು ಇಲ್ಲೇ.

ಪ್ರಶ್ನೆ: ನಮ್ಮ ಲೀಗ್‌ನಲ್ಲಿ ಒಬ್ಬರು ರನ್ನಿಂಗ್ ಬ್ಯಾಕ್ ತಗೊಂಡರೆ ಸಾಕು, ಸಾಲಾಗಿ ಆರೇಳು ಜನ ಅವರನ್ನೇ ತಗೊಳ್ಳುತ್ತಾರೆ. ಆಗ ಗಾಬರಿಯಾಗಿ ನಾನೂ ಅದೇ ಮಾಡುತ್ತೇನೆ. ಸರಿನಾ?

ಉತ್ತರ: ಆ ಸಾಲಿನ ಕೊನೆಯಲ್ಲಿ ನಿಂತರೆ ನಿಮಗೆ ಸಿಗುವುದು ಏಳನೆಯವನು. ಅದೇ ಹೊತ್ತಲ್ಲಿ ಸಿಗಬಾರದಿದ್ದ ರಿಸೀವರ್ ಒಬ್ಬ ಜಾರಿ ನಿಮ್ಮ ಮುಂದೆ ಬಂದು ನಿಂತಿರುತ್ತಾನೆ. ಅವನನ್ನು ತಗೊಳ್ಳಿ. ನಿಮ್ಮ ಹಾಳೆಯಲ್ಲಿ ಎಳೆದ ಗೆರೆಯ ಮೇಲೆ ಒಬ್ಬನೇ ರನ್ನಿಂಗ್ ಬ್ಯಾಕ್ ಉಳಿದಿದ್ದರೆ ಮಾತ್ರ ಓಡಿ ಹಿಡಿಯಿರಿ.

ಪ್ರಶ್ನೆ: ಕೊನೆಯ ಸುತ್ತುಗಳಲ್ಲಿ ಬೆಂಚಿಗೆ ಯಾರನ್ನು ತಗೊಂಡರೆ ಒಳ್ಳೆಯದು?

ಉತ್ತರ: ರನ್ನಿಂಗ್ ಬ್ಯಾಕ್‌ಗಳನ್ನು. ಅದರಲ್ಲೂ ತಂಡದ ಮೊದಲ ರನ್ನಿಂಗ್ ಬ್ಯಾಕ್ ಗಾಯವಾಗಿ ಕೂತರೆ ಪೂರ್ತಿ ಕೆಲಸ ಸಿಗುವಂಥ ಎರಡನೆಯವನನ್ನು. ಇವರಿಗೆ ಹ್ಯಾಂಡ್‌ಕಫ್ ಅಂತಾರೆ. ವಾರಕ್ಕೆ ನಾಲ್ಕು ಪಾಯಿಂಟ್ ತರುವ ಐದನೇ ರಿಸೀವರ್ ಬೆಂಚಿನಲ್ಲಿದ್ದರೂ ಅವನನ್ನು ನೀವು ಆಡಿಸುವುದಿಲ್ಲ. ಮೇಸನ್‌ರನ್ನು ಕೊನೆಯ ಸುತ್ತಿನಲ್ಲಿ ತಗೊಂಡವರು ನಮ್ಮ ಲೀಗ್‌ನಲ್ಲಿ ಆ ಬೆಳಗ್ಗೆ ಫೋನ್ ಕೈಗೆ ತಗೊಂಡು, ಬೆಂಚಿನಿಂದ ಅವರನ್ನು ಮೇಲೆ ಎಳೆದು, ಮತ್ತೆ ಮಲಗಿದರಂತೆ.